ಗುಡ್ಡದ ಮೇಲೆ ಚಿಕ್ಕಪ್ಪ, ಜಗುಲಿಯಲ್ಲಿ ಟಿವಿ

ಕೇಳುಗರಿಗೆ ನಮಸ್ಕಾರ.

ಹೈಸ್ಕೂಲಿನ ದಿನಗಳ ಟಿವಿಯನ್ನು ನೆನೆದರೆ ನನಗೆ ಮೊದಲು ಕಿವಿಗೆ ಬೀಳುವುದು ಒಂದು ಕೂಗು. ‘ಬಂತನೋ?’ ಮನೆ ಹಿಂದಿನ ಗುಡ್ಡದ ಮೇಲಿನಿಂದ ಚಿಕ್ಕಪ್ಪ ಕೂಗುತ್ತಿದ್ದ. ಅರ್ಧ ದಾರಿಯಲ್ಲಿ, ಹಲಸಿನ ಮರದ ಬುಡದಲ್ಲಿ ನಿಂತ ತಮ್ಮ ಅದನ್ನೇ ಅಂಗಳಕ್ಕೆ ದಾಟಿಸುತ್ತಿದ್ದ. ಅಂಗಳದಲ್ಲಿದ್ದ ನಾನು ಜಗುಲಿಯ ಕಿಟಕಿಗೆ ಮುಖ ಒಡ್ಡಿ ಕೇಳುತ್ತಿದ್ದೆ. ‘ದನಿ ಬಂತು, ಚಿತ್ರ ಇಲ್ಲ’ ಎಂದು ಒಳಗಿನಿಂದ ಅಪ್ಪ ಹೇಳಿದರೆ ಆ ಉತ್ತರ ಅದೇ ದಾರಿಯಲ್ಲಿ ಗುಡ್ಡ ಹತ್ತಬೇಕು. ಅದು ಮೇಲೆ ಮುಟ್ಟುವಷ್ಟರಲ್ಲಿ ಚಿತ್ರ ಬಂದು, ಮತ್ತೆ ಹೋಗಿಯೂ ಆಗಿರುತ್ತಿತ್ತು. ಆಗ ಒಳಗಿದ್ದವರೆಲ್ಲ ಒಟ್ಟಿಗೆ, ‘ಅಯ್ಯೋ, ಅಲ್ಲೇ ಇತ್ತು, ಅಲ್ಲೇ ಇತ್ತು!’

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆ ಕಡೆಯ ಒಂಟಿಮನೆ ನಮ್ಮದು. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ, ನಡುವಿನ ತಗ್ಗಿನಲ್ಲಿ ಹೆಂಚಿನ ಮನೆ. 1985ರಲ್ಲಿ ನಾನು ಎಂಟನೇ ತರಗತಿಗೆ ಸೇರಿದೆ. ಆ ವರ್ಷ ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿತ್ತು. ಚಿಕ್ಕಪ್ಪ ಶಿವಮೊಗ್ಗಕ್ಕೆ ಹೋಗಿ ಒಂದು ಕಪ್ಪು-ಬಿಳುಪು ಟಿವಿ ತಂದ. ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಮರದ ಪೆಟ್ಟಿಗೆ, ಅದಕ್ಕೆ ಎರಡೂ ಕಡೆಗೆ ಸರಿಯುವ ಬಾಗಿಲು, ಬಾಗಿಲಿಗೆ ಬೀಗ. ಗುಂಡಿ ತಿರುವಿದ ಮೇಲೆ ಚಿತ್ರ ಮೂಡಲು ಕೊಂಚ ಹೊತ್ತು ಬೇಕು. ಆರಿಸಿದ ಮೇಲೆ ಗಾಜಿನ ನಡುಮಧ್ಯೆ ಒಂದು ಬಿಳಿ ಚುಕ್ಕೆ ಉಳಿದು ಮೆಲ್ಲಗೆ ಮಾಯವಾಗುತ್ತಿತ್ತು. ಅದು ಪೂರ್ತಿ ಹೋಗುವವರೆಗೂ ನಾವು ಮಕ್ಕಳು ಏಳುತ್ತಿರಲಿಲ್ಲ. ಗಾಜಿನ ಹತ್ತಿರ ಕೈ ಒಯ್ದರೆ ರೋಮ ನಿಮಿರುತ್ತಿತ್ತು.

ಅದೇ 1985ರಲ್ಲಿ ಸರ್ಕಾರ ರೇಡಿಯೊ, ಟಿವಿಗಳ ಲೈಸೆನ್ಸ್ ಶುಲ್ಕವನ್ನು ತೆಗೆದುಹಾಕಿತ್ತು. ಅಜ್ಜನ ಪೆಟ್ಟಿಗೆಯಲ್ಲಿ ರೇಡಿಯೊ ಲೈಸೆನ್ಸಿನ ಪುಸ್ತಕ ಇತ್ತು, ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಮೊಹರು ಹಾಕಿಸಿದ್ದು. ಟಿವಿಗೂ ಹಾಗೆ ಒಂದು ಪುಸ್ತಕ ಮಾಡಿಸಬೇಕಲ್ಲವೇ ಎಂದು ಅಜ್ಜ ಬಹಳ ದಿನ ಕೇಳುತ್ತಲೇ ಇದ್ದ.

ಟಿವಿ ಬಂತು, ಚಿತ್ರ ಬರಲಿಲ್ಲ. ಭದ್ರಾವತಿ ಆಕಾಶವಾಣಿ ನಮ್ಮ ಅಡುಗೆಮನೆಯವರೆಗೂ ಸಲೀಸಾಗಿ ಬರುತ್ತದೆ, ಇದಕ್ಕೇನಾಯಿತು ಎಂದು ಎಲ್ಲರಿಗೂ ಆಶ್ಚರ್ಯ. ರೇಡಿಯೊ ಬಿಚ್ಚಿ ಜೋಡಿಸುವ ಅಭ್ಯಾಸವಿದ್ದ ಚಿಕ್ಕಪ್ಪ ಅಂಗಳದಲ್ಲಿ ಕಡ್ಡಿಯಿಂದ ಗೀಚಿ ತಿಳಿಸಿಕೊಟ್ಟ. ಮೀಡಿಯಂ ವೇವ್ ಅಲೆ ನೆಲ ಹಿಡಿದು, ಗುಡ್ಡ ಬಳಸಿಕೊಂಡು ಬರುತ್ತದೆ. ಟಿವಿಯ ಅಲೆ ಬಿಟ್ಟ ಬಾಣ, ನೆಟ್ಟಗೆ ಹೋಗುತ್ತದೆ. ತಗ್ಗಿನಲ್ಲಿರುವವರ ತಲೆಯ ಮೇಲೆ ಹಾದು ಹೋಗಿಬಿಡುತ್ತದೆ. ಹಾಗಾಗಿ ನಾವೇ ಮೇಲೆ ಹೋಗಿ ಅದನ್ನು ಹಿಡಿಯಬೇಕು.

ಹಿಡಿದದ್ದು ಹೀಗೆ. ಗುಡ್ಡದ ನೆತ್ತಿಯಲ್ಲಿ ಗುಂಡಿ ತೋಡಿ ಕಬ್ಬಿಣದ ಪೈಪು ನಿಲ್ಲಿಸಿದ. ತುದಿಯಲ್ಲಿ ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ, ಮೂರು ದಿಕ್ಕಿಗೆ ಎಳೆದು ಕಟ್ಟಿದ ತಂತಿ. ಅಲ್ಲಿಂದ ಚಪ್ಪಟೆ ವೈರು ನೇರಳೆ ಮರಕ್ಕೆ, ನೇರಳೆಯಿಂದ ಹಲಸಿಗೆ, ಹಲಸಿನಿಂದ ಮಾಡಿಗೆ ಬಂದು ಮನೆ ಸೇರುತ್ತಿತ್ತು. ಗಾಳಿ ಬೀಸಿದರೆ ಪೈಪು ತಿರುಗುತ್ತಿತ್ತು. ಮಂಗ ಬಂದು ಕೂತರೆ ಕಡ್ಡಿ ಬಾಗುತ್ತಿತ್ತು. ಹಾಗಾಗಿ ನೋಡಲೇಬೇಕಾದ ಕಾರ್ಯಕ್ರಮ ಇದ್ದಾಗ ಒಬ್ಬರು ಮೇಲೆ ನಿಂತು ಪೈಪು ಹಿಡಿದುಕೊಳ್ಳಲೇಬೇಕಿತ್ತು. ಆ ಒಬ್ಬ ಯಾವಾಗಲೂ ಚಿಕ್ಕಪ್ಪ. ಬಗಲಲ್ಲಿ ಪುಟ್ಟ ಟ್ರಾನ್ಸಿಸ್ಟರ್ ಇಟ್ಟುಕೊಂಡು ಹೋಗುತ್ತಿದ್ದ. ಟಿವಿ ತಂದವನು ಅವನೇ, ಅದನ್ನು ಎಲ್ಲರಿಗಿಂತ ಕಡಿಮೆ ನೋಡಿದವನೂ ಅವನೇ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳಬೇಕು. ಟಿವಿ ಮೊದಲು ಬೆಂಗಳೂರಿಗೆ ಬಂದು, ಆಮೇಲೆ ಹಳ್ಳಿಗಳಿಗೆ ಹಬ್ಬಿತು ಎಂದು ಬಹಳ ಜನ ತಿಳಿದಿದ್ದಾರೆ. ಆದದ್ದು ಹಾಗಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದ ಪ್ರಯೋಗ ನಡೆದಿತ್ತು. ಅದರಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿಯ ಛತ್ರಿ ಆಕಾಶದಿಂದ ನೇರವಾಗಿ ಅಲೆ ಹಿಡಿಯುತ್ತಿತ್ತು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರವೇ ಆಯಿತು. ಇದನ್ನೆಲ್ಲ ನಾನು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ. ಓದಿದ ದಿನ ನೆನಪಾದವನು ಚಿಕ್ಕಪ್ಪ. ಮೇಲಿನಿಂದ ಬರುವ ಅಲೆಗೆ ಗುಡ್ಡದ ತೊಡಕಿಲ್ಲ. ಅಂಥ ಛತ್ರಿ ನಮ್ಮ ಅಂಗಳದಲ್ಲಿ ಇದ್ದಿದ್ದರೆ ಅವನೂ ಜಗುಲಿಯಲ್ಲಿ ನಮ್ಮ ಜೊತೆ ಕೂರಬಹುದಿತ್ತು. ದೂರದರ್ಶನದ ಡಿಶ್ ಸೇವೆ ಶುರುವಾದದ್ದು 2004ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ನಾನು ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು.

ನಮ್ಮ ಪೆಟ್ಟಿಗೆಗೆ ಬರುತ್ತಿದ್ದುದರಲ್ಲಿ ಬಹುಪಾಲು ದೆಹಲಿಯ ಕಾರ್ಯಕ್ರಮ, ಬಹುಪಾಲು ಹಿಂದಿ. ಭಾನುವಾರ ಮಧ್ಯಾಹ್ನ ಒಂದೊಂದು ಭಾಷೆಯ ಸಿನಿಮಾ ಹಾಕುತ್ತಿದ್ದರು. ಕನ್ನಡದ ಸರದಿ ಬಂದ ವಾರ ಆಚೆ ತೋಟದವರು, ಈಚೆ ತೋಟದವರು ಊಟ ಮುಗಿಸಿ ಬಂದು ಜಗುಲಿ ತುಂಬುತ್ತಿದ್ದರು. ಮಿಕ್ಕ ದಿನ ಹಿಂದಿಯೇ ಗತಿ. ಶಾಲೆಯಲ್ಲಿ ಮೂರನೇ ಭಾಷೆಯಾಗಿ ಹಿಂದಿ ಕಲಿಯುತ್ತಿದ್ದ ನಾನೇ ಮನೆಗೆ ದುಭಾಷಿ. ಗೊತ್ತಾದದ್ದನ್ನು ಹೇಳುತ್ತಿದ್ದೆ, ಗೊತ್ತಾಗದಿದ್ದಾಗ ಎಲ್ಲರೂ ಸೇರಿ ಊಹಿಸುತ್ತಿದ್ದೆವು.

1987ರ ಜನವರಿ 25ರಂದು ರಾಮಾನಂದ ಸಾಗರರ ರಾಮಾಯಣ ಶುರುವಾಯಿತು. ಅದಕ್ಕೆ ದುಭಾಷಿ ಬೇಕಾಗಲಿಲ್ಲ. ಅಜ್ಜಿಗೆ ತೊರವೆ ರಾಮಾಯಣದ ಪದ್ಯಗಳು ಬಾಯಿಗೆ ಬರುತ್ತಿದ್ದವು. ಮಳೆಗಾಲದ ಎಷ್ಟೋ ರಾತ್ರಿ ಅದೇ ಜಗುಲಿಯಲ್ಲಿ ತಾಳಮದ್ದಳೆ ಆಗಿತ್ತು. ರಾವಣ ಎಂದರೆ ಚೆಂಡೆಯ ಅಬ್ಬರದ ನಡುವೆ ತೆರೆ ಹಿಡಿಸಿಕೊಂಡು ರಂಗಕ್ಕೆ ಬರುವವನು ಎಂದು ನಂಬಿದ್ದ ಜನ ಅದು. ಅರವಿಂದ ತ್ರಿವೇದಿಯವರ ರಾವಣ ತಣ್ಣಗೆ ನಡೆದು ಬಂದು ಸಿಂಹಾಸನದಲ್ಲಿ ಕೂತಾಗ, ‘ಇವನಿಗೆ ಒಂದು ಚೆಂಡೆ ಬೇಕಿತ್ತು’ ಎಂದ ಅಜ್ಜ. ಆದರೂ ಭಾನುವಾರ ಒಂಬತ್ತೂವರೆಗೆ ಮೊದಲೇ ದೋಸೆಯ ಕಾವಲಿ ಒಲೆಯಿಂದ ಇಳಿದಿರುತ್ತಿತ್ತು. ಟಿವಿಯ ಬೀಗ ತೆಗೆಯುವುದು ಅಜ್ಜನ ಕೈಯಿಂದಲೇ ಆಗಬೇಕಿತ್ತು.

ಒಂದು ವಾರ, ಲಂಕೆಯ ಕಥೆ ನಡೆಯುತ್ತಿರುವಾಗ ಕರೆಂಟು ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಲೈನಿನ ಮೇಲೆ ಮರ ಬಿದ್ದರೆ ಮೂರು ದಿನ ಕತ್ತಲೆ, ಅದು ಎಲ್ಲರಿಗೂ ಗೊತ್ತು. ಆದರೂ ಯಾರೂ ಏಳಲಿಲ್ಲ. ಸುಮಾರು ಮೂವತ್ತು ಜನ ಕಪ್ಪಾದ ಗಾಜನ್ನೇ ನೋಡುತ್ತ ಕೂತಿದ್ದರು. ಆಗ ಅಜ್ಜಿ ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತು, ಟಿವಿಯಲ್ಲಿ ನಿಂತ ಜಾಗದಿಂದಲೇ ಪದ್ಯ ಎತ್ತಿಕೊಂಡಳು. ಒಂದು ಪದ್ಯ, ಅದರ ಅರ್ಥ. ಮತ್ತೊಂದು ಪದ್ಯ, ಅದರ ಅರ್ಥ. ಹೆಂಚಿನ ಮೇಲೆ ಮಳೆ ಜೋರಾದಾಗ ದನಿಯನ್ನೂ ಏರಿಸಿದಳು. ಮಳೆಯಲ್ಲಿ ನೆನೆದು ಚಿಕ್ಕಪ್ಪ ಗುಡ್ಡ ಇಳಿದು ಬಂದ. ಕಂಬಳಿಕೊಪ್ಪೆ ತೆಗೆಯದೆ ಬಾಗಿಲಲ್ಲೇ ನಿಂತು ಕೇಳಿದ. ಆ ಕಂತನ್ನು ಅವನು ಪೂರ್ತಿ ಕೇಳಿಸಿಕೊಂಡ.

ಸೋಮವಾರ ಶಾಲೆಯಲ್ಲಿ ಗೆಳತಿಯರು ನನ್ನನ್ನು ಸುತ್ತುಗಟ್ಟುತ್ತಿದ್ದರು. ನಮ್ಮ ತರಗತಿಯಲ್ಲಿ ಟಿವಿ ಇದ್ದ ಮನೆಗಳು ನಾಲ್ಕೋ ಐದೋ. ಆ ವಾರದ ಕಥೆಯನ್ನೂ ಎಂದಿನ ಹಾಗೆ ಹೇಳಿದೆ. ಎಲ್ಲಿಯವರೆಗೆ ಟಿವಿಯದು, ಎಲ್ಲಿಂದ ಅಜ್ಜಿಯದು ಎಂದು ಹೇಳಲಿಲ್ಲ.

ಕ್ರಿಕೆಟ್ಟಿನ ವಿಷಯ ಹೆಚ್ಚು ಹೇಳಲಾರೆ, ಅದು ತಮ್ಮನ ಇಲಾಖೆ. 1987ರ ವಿಶ್ವಕಪ್ಪಿನಲ್ಲಿ ನಾಗಪುರದಲ್ಲಿ ಚೇತನ್ ಶರ್ಮಾ ಸಾಲಾಗಿ ಮೂವರ ವಿಕೆಟ್ಟು ಹಾರಿಸಿದಾಗ ಗುಡ್ಡದ ಮೇಲೆ ಟ್ರಾನ್ಸಿಸ್ಟರ್ ಕೇಳುತ್ತಿದ್ದ ಚಿಕ್ಕಪ್ಪನೂ, ಕೆಳಗೆ ಟಿವಿ ಮುಂದಿದ್ದ ತಮ್ಮನೂ ಒಂದೇ ಗಳಿಗೆಗೆ ಕಿರುಚಿದ್ದು ನೆನಪಿದೆ. ನಡುವೆ ಅಂಗಳದಲ್ಲಿ ನಾನು.

ಇಷ್ಟೆಲ್ಲ ಹೇಳಿದ್ದು ಮಾಲ್ಗುಡಿಯ ರಾತ್ರಿಗೆ ಬರುವುದಕ್ಕೆ. ಶಂಕರ್ ನಾಗ್ ಮಾಲ್ಗುಡಿ ಡೇಸ್ ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದರು. ಆರ್. ಕೆ. ನಾರಾಯಣರ ಕಲ್ಪನೆಯ ಊರಿಗೆ ಆಗುಂಬೆಯ ಬೀದಿಯೇ ಬೀದಿಯಾಯಿತು, ಅಲ್ಲಿನ ದೊಡ್ಡಮನೆಯೇ ಮನೆಯಾಯಿತು, ರಿಪ್ಪನ್‌ಪೇಟೆ ಹತ್ತಿರದ ಅರಸಾಳು ನಿಲ್ದಾಣವೇ ರೈಲ್ವೆ ಸ್ಟೇಷನ್ನಾಯಿತು. ನೆಂಟರ ಮನೆಗೆಂದು ಆಗುಂಬೆಗೆ ಹೋದ ಚಿಕ್ಕಪ್ಪ ಶೂಟಿಂಗ್ ನೋಡುತ್ತ ನಿಂತಿದ್ದಾಗ, ಜನರ ಗುಂಪಿನಲ್ಲಿ ನಿಲ್ಲುತ್ತೀರಾ ಎಂದು ಕೇಳಿದರಂತೆ. ಹಳೇ ಕಾಲದ ಕಥೆ ಎಂದು ಕೈಯ ವಾಚು ಬಿಚ್ಚಿಸಿದರಂತೆ, ಹವಾಯಿ ಚಪ್ಪಲಿ ತೆಗೆಸಿದರಂತೆ. ಉಟ್ಟಿದ್ದ ಪಂಚೆ ಸರಿಯಾಗಿಯೇ ಇದೆ ಎಂದರಂತೆ. ಬಂದು ಇಷ್ಟನ್ನೇ ಹೇಳಿದ. ಆಮೇಲೆ ನಾವು ಕೆದಕಿದಾಗಲೆಲ್ಲ, ‘ಎಲ್ಲೋ ಮೂಲೆಯಲ್ಲಿ ಇರ್ತೇನೆ ಬಿಡಿ’ ಎನ್ನುತ್ತಿದ್ದ.

ಧಾರಾವಾಹಿ ಬರತೊಡಗಿತು. ನಮಗೆ ಗೊತ್ತಿದ್ದ ಜಗುಲಿ, ಗೊತ್ತಿದ್ದ ಕಂಬ, ಗೊತ್ತಿದ್ದ ಮಳೆ, ಅದರ ನಡುವೆ ಎಲ್ಲರ ಬಾಯಲ್ಲೂ ಹಿಂದಿ. ಅಜ್ಜಿಗೆ ಅದು ಕೊನೆಯವರೆಗೂ ಒಗ್ಗಲಿಲ್ಲ. ‘ಆಗುಂಬೆಯವರಿಗೆ ಯಾಕೆ ಆ ಮಾತು?’ ಎಂದು ಪ್ರತಿ ವಾರ ಕೇಳುತ್ತಿದ್ದಳು. ಮಾಸ್ಟರ್ ಮಂಜುನಾಥನ ಸ್ವಾಮಿ ಮಾತ್ರ ಯಾವ ಭಾಷೆಯಲ್ಲಿ ಮಾತಾಡಿದರೂ ನಮ್ಮ ಮನೆಯ ಹುಡುಗನೇ.

ಇಂಥ ಕಂತಿನಲ್ಲಿ ಆ ಬೀದಿಯ ದೃಶ್ಯ ಬರುತ್ತದೆ ಎಂದು ಆಗುಂಬೆಯ ನೆಂಟರು ಹೇಳಿ ಕಳಿಸಿದರು. ಆ ಸಂಜೆ ಚಿಕ್ಕಪ್ಪ ಎಂದಿನಂತೆ ಟಾರ್ಚು ಹಿಡಿದು ಹೊರಟ. ‘ಇವತ್ತು ನೀನು ಕೂತು ನೋಡು, ನಾನು ಹೋಗ್ತೇನೆ’ ಎಂದೆ. ಅಮ್ಮ ಬೇಡವೆಂದಳು. ಹೆಣ್ಣುಹುಡುಗಿ, ರಾತ್ರಿ, ಮಳೆ, ಹಾವುಹುಳ. ಅಜ್ಜಿ ಒಳಗಿನಿಂದ, ‘ಹೋಗಲಿ ಬಿಡೇ, ಅವನು ಒಂದು ದಿನ ನೋಡಲಿ’ ಎಂದಳು.

ಚಿಕ್ಕಪ್ಪ ಜೊತೆಗೆ ಬಂದು ಪೈಪಿನ ಬುಡದಲ್ಲಿ ಟಾರ್ಚು ಬಿಟ್ಟು ತೋರಿಸಿದ. ಪೈಪಿನ ಮೇಲೆ ಅರದಿಂದ ಉಜ್ಜಿ ಮಾಡಿದ ಒಂದು ಗೀರು. ನೆಲದಲ್ಲಿ ಹುಗಿದ ಒಂದು ಬಿಳಿ ಕಲ್ಲು. ‘ಈ ಗೀರು ಆ ಕಲ್ಲಿಗೆ ಎದುರಾಗಿ ಇರಬೇಕು ಕೂಸೆ. ಗಾಳಿ ಎಳೆದರೆ ಬಿಗಿ ಹಿಡಿ, ಮತ್ತೇನಿಲ್ಲ.’ ಇಷ್ಟು ದಿನ ಕತ್ತಲಲ್ಲಿ ಅವನು ಬೆರಳಿನಿಂದ ಹುಡುಕುತ್ತಿದ್ದುದು ಆ ಗೀರನ್ನು. ಅವನು ಇಳಿದು ಹೋದ.

ಜಿಟಿಜಿಟಿ ಮಳೆ. ಕಬ್ಬಿಣ ಮಂಜಿನಷ್ಟು ತಣ್ಣಗಿತ್ತು. ಕಾಲಿಗೆ ಇಂಬಳ ಹತ್ತಿದ್ದು ಗೊತ್ತಾಗುತ್ತಿತ್ತು, ಕೈ ಬಿಡುವ ಹಾಗಿಲ್ಲ. ಕೆಳಗೆ ನಮ್ಮ ಮನೆ ಅಂಗೈಯಷ್ಟು ಕಾಣುತ್ತಿತ್ತು. ಕಿಟಕಿಯಲ್ಲಿ ನೀಲಿ ಬೆಳಕು ನಡುಗುತ್ತಿತ್ತು. ಎಲ್. ವೈದ್ಯನಾಥನ್ ಮಾಡಿದ ಆ ಶೀರ್ಷಿಕೆಯ ರಾಗ ತೋಟ ದಾಟಿ ಮೇಲೆ ಬಂತು, ಅಷ್ಟು ದೂರಕ್ಕೂ ಸ್ಪಷ್ಟವಾಗಿ. ನಾನು ಕೂಗಿದೆ, ‘ಬಂತನೋ?’

ಹಲಸಿನ ಬುಡದ ತಮ್ಮನಿಗೆ ದಾಟಿಸುವ ಕೆಲಸವೇ ಬೀಳಲಿಲ್ಲ. ಜಗುಲಿಯಿಂದ ನೇರವಾಗಿ ಚಿಕ್ಕಪ್ಪನ ದನಿಯೇ ಬಂತು. ‘ಬಂತು! ಅಲ್ಲಾಡಿಸಬೇಡ!’

ಎಷ್ಟೋ ಹೊತ್ತಿನ ಮೇಲೆ ಟಾರ್ಚಿನ ಬೆಳಕು ಗುಡ್ಡ ಹತ್ತಿತು. ಏದುಸಿರು ಬಿಡುತ್ತ ಬಂದ. ‘ಬೆನ್ನು ಕಂಡಿತು ಕೂಸೆ’ ಎಂದ. ‘ನನ್ನ ಬೆನ್ನು ನಾನು ನೋಡಿದ್ದು ಇದೇ ಮೊದಲು.’ ಪೈಪಿಗೆ ತಾನು ಕೈ ಕೊಟ್ಟು, ‘ಓಡು, ಇನ್ನೂ ಐದು ನಿಮಿಷ ಇದೆ’ ಎಂದ. ನಾನು ಓಡಲಿಲ್ಲ. ಇಬ್ಬರೂ ಅಲ್ಲೇ ನಿಂತು ಕೊನೆಯವರೆಗೂ ಕೇಳಿದೆವು.

1988ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆಂದು ನಾನು ಊರು ಬಿಟ್ಟೆ. ಟಿವಿ ಬದಲಾಯಿತು, ಆಂಟೆನಾ ಕಡ್ಡಿಗಳನ್ನು ಗುಜರಿಯವನು ಒಯ್ದ. ಪೈಪು ಮಾತ್ರ ಅಲ್ಲೇ ಇದೆ, ಅದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ. 2020ರಲ್ಲಿ ಶಾಲೆಗಳೆಲ್ಲ ಮುಚ್ಚಿ ಫೋನಿನಲ್ಲಿ ಪಾಠ ಶುರುವಾದಾಗ ನಮ್ಮ ತಗ್ಗಿನ ಮನೆಗೆ ನೆಟ್‌ವರ್ಕ್ ಸಿಗಲಿಲ್ಲ. ತಮ್ಮನ ಮಗಳು ಅದೇ ಗುಡ್ಡ ಹತ್ತಿದಳು. ಆ ಪೈಪಿಗೆ ಕೊಡೆ ಕಟ್ಟಿ, ಕೆಳಗೆ ಚಾಪೆ ಹಾಸಿ ಕೂತು ಹೈಸ್ಕೂಲಿನ ಪಾಠ ಕೇಳಿದಳು. ದಿನವೂ ಅವಳ ಜೊತೆಗೆ ಕಾವಲಿಗೆಂದು ಕೂರುತ್ತಿದ್ದವನು ಚಿಕ್ಕಪ್ಪ. ನಾನೂ ಆ ದಿನಗಳಲ್ಲಿ ಊರಿನಲ್ಲೇ ಇದ್ದೆ.

ಒಂದು ಮಧ್ಯಾಹ್ನ ಪಾಠ ಮುಗಿದ ಮೇಲೆ ಅವಳು ಆ ಕಂತನ್ನು ಫೋನಿನಲ್ಲಿ ಹುಡುಕಿ ತೆಗೆದಳು. ಬಣ್ಣದಲ್ಲಿತ್ತು. ಆ ಬೀದಿಗೆ ಬಣ್ಣವಿದ್ದುದನ್ನು ನಾವು ಟಿವಿಯಲ್ಲಿ ನೋಡಿರಲೇ ಇಲ್ಲ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದ. ಗುಂಪು ಬಂತು, ಸಾಲಾಗಿ ಬೆನ್ನುಗಳು.

‘ಯಾವುದು ಅಜ್ಜ?’

‘ಇದು’ ಎಂದು ಅವನು ಬೆರಳಿಟ್ಟ. ಬೆರಳು ತಾಗಿದ್ದೇ ಚಿತ್ರ ಮುಂದಕ್ಕೆ ಓಡಿಬಿಟ್ಟಿತು. ಅವಳು ಮತ್ತೆ ಹಿಂದಕ್ಕೆ ತಂದು, ಎರಡೂ ಕೈಯಲ್ಲಿ ಫೋನು ಭದ್ರವಾಗಿ ಹಿಡಿದು, ‘ಈಗ ನೋಡಿ, ಅಲ್ಲಾಡಿಸಬೇಡಿ’ ಎಂದಳು.