ಇಲಾಖಾ ವಿಚಾರಣೆಯಲ್ಲಿ ಸಹಜ ನ್ಯಾಯ: ಆದೇಶ ಬೀಳುವುದೆಲ್ಲಿ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ವಿಚಾರಣಾಧಿಕಾರಿಗಳು, ಇಲಾಖೆಯ ಪರ ಪ್ರಕರಣ ಮಂಡಿಸುವ ಮಂಡನಾಧಿಕಾರಿಗಳು. ಹಾಗಾಗಿ ನೇರವಾಗಿ ಕಡತಕ್ಕೇ ಬರೋಣ.

‘ನ್ಯಾಚುರಲ್ ಜಸ್ಟಿಸ್ ಉಲ್ಲಂಘನೆಯಾಗಿದೆ’ ಎಂಬ ಸಾಲಿಲ್ಲದ ಮೇಲ್ಮನವಿ ಸಿಗುವುದೇ ಅಪರೂಪ. ನಮ್ಮ ಆದೇಶಗಳಲ್ಲಿ ಅದು ಸಹಜ ನ್ಯಾಯ, ಕೆಲವೆಡೆ ಸ್ವಾಭಾವಿಕ ನ್ಯಾಯ. ಇಲ್ಲಿ ಜಸ್ಟಿಸ್ ಎಂದರೆ ತಪ್ಪಿತಸ್ಥನಿಗೆ ತಕ್ಕ ಶಿಕ್ಷೆ ಆಯಿತೇ ಎಂಬುದಲ್ಲ. ಆತ ತಪ್ಪಿತಸ್ಥ ಎಂದು ತೀರ್ಮಾನಿಸಿದ ಬಗೆ ಸರಿಯಿತ್ತೇ ಎಂಬುದು. ಹಣ ನುಂಗಿದ್ದು ಎದ್ದು ಕಾಣುತ್ತಿದ್ದರೂ ವಜಾ ಆದೇಶ ರದ್ದಾಗುವುದು ಇದಕ್ಕೇ. ಮೂಲ ಕಟ್ಟಳೆ ಎರಡು: ಎದುರಿನವನ ಮಾತು ಕೇಳದೆ ತೀರ್ಪು ಕೊಡಬಾರದು, ತನ್ನದೇ ವ್ಯಾಜ್ಯಕ್ಕೆ ತಾನೇ ಪಂಚನಾಗಬಾರದು. ಆದೇಶಕ್ಕೆ ಕಾರಣ ಬರೆಯಬೇಕು ಎಂಬುದು ಆಮೇಲೆ ಸೇರಿಕೊಂಡಿದೆ.

ಕಾರಣ ಕೇಳುವ ನೋಟಿಸಿನಲ್ಲೇ ಮೊದಲು ಎಡವುತ್ತೇವೆ. ‘ಹಣ ದುರುಪಯೋಗ ಸಾಬೀತಾಗಿದೆ, ಏಕೆ ಕ್ರಮ ಕೈಗೊಳ್ಳಬಾರದು, ಉತ್ತರಿಸಿ’ ಎಂದು ಬರೆದರೆ ಇನ್ನು ಉತ್ತರ ಕೇಳುವುದು ಯಾತಕ್ಕೆ? 2010ರ ಓರಿಕ್ಸ್ ಫಿಶರೀಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಿಡಿದದ್ದು ಇದನ್ನೇ: ನೋಟಿಸ್ ಕೊಟ್ಟವರು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ‘ಮೇಲ್ನೋಟಕ್ಕೆ ಕಂಡುಬಂದಿದೆ’ ಎಂದು ಬರೆಯಿರಿ. ಆ ‘ಮೇಲ್ನೋಟಕ್ಕೆ’ಯನ್ನು ಟೈಪಿಸ್ಟ್ ಬಿಟ್ಟಿದ್ದರೆ ಸಹಿ ಹಾಕುವ ಮೊದಲು ಸೇರಿಸಿ.

ದೋಷಾರೋಪಣ ಪಟ್ಟಿಗೆ ನಾಲ್ಕು ಅನುಬಂಧ: ಆರೋಪ, ಆರೋಪದ ವಿವರ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ. ‘ಕರ್ತವ್ಯಲೋಪ ಎಸಗಿರುತ್ತೀರಿ’ ಎಂದಷ್ಟೇ ಬರೆದರೆ ಆಪಾದಿತ ನೌಕರ ಏನನ್ನು ಅಲ್ಲಗಳೆಯಬೇಕು? ಯಾವ ತಾರೀಖು, ಯಾವ ರಸೀದಿ, ಎಷ್ಟು ರೂಪಾಯಿ, ನಗದು ಪುಸ್ತಕದ ಎಷ್ಟನೇ ಪುಟದಲ್ಲಿ ನಮೂದಾಗಿಲ್ಲ ಎಂಬುದೆಲ್ಲ ಇರಲಿ. ದಾಖಲೆಗಳ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರತಿ ಕೊಡಲಾಗದಷ್ಟು ದಪ್ಪ ವಹಿಗಳಾದರೆ ಕಚೇರಿಯಲ್ಲೇ ಕೂತು ನೋಡಲು ದಿನ ನಿಗದಿ ಮಾಡಿ, ನೋಡಿದರೆಂದು ದಿನದಿನದ ನಡಾವಳಿ ಬರೆಯುವ ಆರ್ಡರ್ ಶೀಟಿನಲ್ಲಿ ಸಹಿ ಹಾಕಿಸಿಕೊಳ್ಳಿ.

ದಾಖಲೆಯನ್ನು ಕಡತಕ್ಕೆ ಸೇರಿಸಿದ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ. ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ (2009) ಬ್ಯಾಂಕು ಪೊಲೀಸರ ಕಾಗದಪತ್ರಗಳನ್ನು ಹಾಜರುಪಡಿಸಿತು, ಆದರೆ ಅದರಲ್ಲಿರುವುದನ್ನು ಒಬ್ಬ ಸಾಕ್ಷಿಯಿಂದಲೂ ರುಜುವಾತುಪಡಿಸಲಿಲ್ಲ. ಆದೇಶ ನಿಲ್ಲಲಿಲ್ಲ. ಎಫ್‌ಐಆರ್ ಸಾಕ್ಷ್ಯವಲ್ಲ. ವರದಿ ಬರೆದವರನ್ನು ಕರೆಸಿ, ಅವರ ಮೂಲಕ ಅದನ್ನು ನಿಪಿ-1 (ಇಲಾಖೆಯ ಪರದ ಮೊದಲ ನಿಶಾನೆ) ಎಂದು ಗುರುತಿಸಿ, ಪಾಟೀಸವಾಲಿಗೆ ಬಿಡಿ.

ಇನ್ನು ನಮ್ಮ ಕೋಲಾರ ಚಿನ್ನದ ಗಣಿಯದೇ ಪ್ರಕರಣ. 1985ರ ಜೂನ್‌ನಲ್ಲಿ ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ ಪೊಲೀಸ್ ದಾಳಿಯಾಯಿತು. 4.5 ಗ್ರಾಂ ತೂಕದ ಸ್ಪಾಂಜ್ ಚಿನ್ನದ ಉಂಡೆ ಮತ್ತು 1276 ಗ್ರಾಂ ಚಿನ್ನದ ಅಂಶವಿರುವ ಮರಳು ಸಿಕ್ಕಿತೆಂಬುದು ಆರೋಪ. ಅಮಾನತಾಯಿತು. ಆದರೆ ಅಮಾನತಿನ ಕಾಲದಲ್ಲಿ ಸಂಬಳದ ಬದಲು ಕೊಡಬೇಕಾದ ಜೀವನಾಧಾರ ಭತ್ಯೆ ಕೊಡಲಿಲ್ಲ. ಕೇರಳದ ಮನೆಯಲ್ಲಿದ್ದ ಅವರು ಕಾಯಿಲೆಯೆಂದು ತಿಳಿಸಿ ಮುಂದೂಡಲು ಕೇಳಿದರೂ ವಿಚಾರಣೆ ಏಕಪಕ್ಷೀಯವಾಗಿ ಮುಗಿದು ವಜಾ ಆದೇಶ ಹೊರಬಿತ್ತು. ಅದೇ ದಾಳಿಯ ಕ್ರಿಮಿನಲ್ ಮೊಕದ್ದಮೆಯಲ್ಲಿ ಖುಲಾಸೆಯೂ ಆಯಿತು. 1999ರಲ್ಲಿ ಸುಪ್ರೀಂ ಕೋರ್ಟ್ ವಜಾ ರದ್ದುಪಡಿಸಿತು. ನೋಟಿಸ್ ತಲುಪಿತ್ತು, ದಿನ ನಿಗದಿಯಾಗಿತ್ತು, ಕಾಗದದ ಮೇಲೆ ಅವಕಾಶವೂ ಇತ್ತು. ಬಂದುಹೋಗಲು ಕೈಯಲ್ಲಿ ಕಾಸಿಲ್ಲದವನಿಗೆ ಅದು ಅವಕಾಶವಲ್ಲ. ಆದ್ದರಿಂದ ಏಕಪಕ್ಷೀಯವೆಂದು ಬರೆಯುವ ಮುನ್ನ ನೋಟಿಸಿನ ಅಂಚೆ ಸ್ವೀಕೃತಿ ನೋಡಿದ ಹಾಗೆಯೇ ಭತ್ಯೆಯ ಬಿಲ್ಲು ಪಾಸಾಗಿದೆಯೇ ಎಂದೂ ನೋಡಿ.

ಪಕ್ಷಪಾತದ ವಿಚಾರಕ್ಕೆ ಬಂದರೆ, 1957ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಉತ್ತರ ಪ್ರದೇಶದ ಒಂದು ಮೊಕದ್ದಮೆಯನ್ನು ನೆನೆಯಲೇಬೇಕು. ಒಬ್ಬ ಹೆಡ್ ಕಾನ್ಸ್‌ಟೇಬಲ್ ಮೇಲಿನ ವಿಚಾರಣೆ. ಸಾಕ್ಷಿ ಮಾತು ಬದಲಿಸಿದ. ವಿಚಾರಣೆ ನಡೆಸುತ್ತಿದ್ದ ಎಸ್ಪಿ ತಾವೇ ಎದ್ದು ಹೋಗಿ ಸಾಕ್ಷಿ ನುಡಿದು, ಮರಳಿ ಬಂದು ಕುರ್ಚಿಯಲ್ಲಿ ಕೂತು ವಜಾ ಮಾಡಿದರು! ಕೋರ್ಟ್ ಇದನ್ನು ಕಟುವಾಗಿ ಖಂಡಿಸಿತು. (ಆದರೂ ಆ ಬಡಪಾಯಿ ಸೋತ. ವಜಾ ಆದದ್ದು 1948ರಲ್ಲಿ, ಸಂವಿಧಾನ ಬರುವ ಮೊದಲು; ಸಂವಿಧಾನ ಕೊಟ್ಟ ರಿಟ್ ಪರಿಹಾರ ಹಿಂದಿನದಕ್ಕೆ ಅನ್ವಯಿಸದು.) ಅಷ್ಟು ರಾಜಾರೋಷವಾಗಿ ಈಗ ಯಾರೂ ಮಾಡಲಾರರು. ಆದರೆ ಮಂಡನಾಧಿಕಾರಿ ಗೈರುಹಾಜರಾದ ದಿನ ವಿಚಾರಣಾಧಿಕಾರಿಯೇ ಇಲಾಖೆಯ ಪರವಾಗಿ ಅದರ ಸಾಕ್ಷಿಗಳ ಮುಖ್ಯ ವಿಚಾರಣೆ ನಡೆಸುವುದು, ಸಾಕ್ಷಿ ತಡವರಿಸಿದರೆ ಉತ್ತರ ಬಾಯಿಗೆ ಹಾಕುವುದು ಅದರದೇ ಸಂತಾನ. ಆ ದಿನ ಮುಂದೂಡಿ, ಕಾರಣ ಬರೆದಿಡಿ. ಸ್ಪಷ್ಟನೆಗಾಗಿ ಒಂದೆರಡು ಪ್ರಶ್ನೆ ಕೇಳಬಹುದು. ಕೇಳಿದ ಮೇಲೆ ಆಪಾದಿತರಿಗೆ ಮತ್ತೆ ಪಾಟೀಸವಾಲಿನ ಅವಕಾಶ ಕೊಡಬೇಕು.

ವಿಚಾರಣಾಧಿಕಾರಿಯ ವರದಿ ಬಂದ ಮೇಲಿನ ಹಂತದಲ್ಲಿ ಗೊಂದಲ ಹೆಚ್ಚು. ದಂಡನೆ ಏನಿರಬೇಕೆಂದು ನೌಕರನನ್ನು ಎರಡನೇ ಸಲ ಕೇಳುವ ಅಗತ್ಯವನ್ನು ಸಂವಿಧಾನದ 42ನೇ ತಿದ್ದುಪಡಿಯು, ಸರ್ಕಾರಿ ನೌಕರರ ವಜಾಕ್ಕೆ ಕಟ್ಟಳೆ ಹಾಕುವ 311ನೇ ವಿಧಿಯಿಂದ ತೆಗೆದುಹಾಕಿತು. ಇದನ್ನೇ ಹಿಡಿದುಕೊಂಡು ವರದಿಯ ಪ್ರತಿಯನ್ನೂ ಕೊಡದೆ ಆದೇಶ ಮಾಡುವವರಿದ್ದಾರೆ. ಎರಡೂ ಬೇರೆ ಬೇರೆ. ವಿಚಾರಣಾಧಿಕಾರಿ ಬೇರೆ, ದಂಡನೆ ವಿಧಿಸುವ ಶಿಸ್ತು ಪ್ರಾಧಿಕಾರ ಬೇರೆ ಆಗಿದ್ದರೆ, ತಪ್ಪಿತಸ್ಥ ಎಂದು ತೀರ್ಮಾನಿಸುವ ಮೊದಲೇ ವರದಿ ನೌಕರನ ಕೈಸೇರಬೇಕು ಎಂದು 1993ರ ಇಸಿಐಎಲ್ (ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ) ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ವರದಿ ನೌಕರನ ಪರವಾಗಿದ್ದು ಪ್ರಾಧಿಕಾರ ಒಪ್ಪದಿದ್ದರೆ, ಒಪ್ಪದಿರಲು ತಾತ್ಕಾಲಿಕ ಕಾರಣಗಳನ್ನು ಬರೆದು ಕಳಿಸಿ ಉತ್ತರ ಪಡೆಯಬೇಕು. ಇದು 1998ರ ಕುಂಜ್ ಬಿಹಾರಿ ಮಿಶ್ರಾ ತೀರ್ಪು.

ಹಾಗೆಂದು ವರದಿ ಕೊಟ್ಟಿಲ್ಲ ಎಂದ ಕೂಡಲೇ ನೌಕರ ಗೆದ್ದನೆಂದಲ್ಲ. ಮೊದಲು ವರದಿ ಕೊಡಿಸಿ, ಅದು ಸಿಗದೆ ಆತನಿಗೆ ಏನು ಬಾಧಕವಾಯಿತೆಂದು ನ್ಯಾಯಾಲಯ ಕೇಳಬೇಕೆಂದು ಇಸಿಐಎಲ್ ತೀರ್ಪೇ ಹೇಳುತ್ತದೆ. ಬಾಧಕವಾಗಿದ್ದರೆ ಮಾತ್ರ ಆದೇಶ ರದ್ದು. ಆಗಲೂ ಇಲಾಖೆ ನೌಕರನನ್ನು ಅಮಾನತಿನಲ್ಲಿಟ್ಟು, ವರದಿ ಕೊಡುವ ಹಂತದಿಂದ ವಿಚಾರಣೆ ಮುಂದುವರಿಸಬಹುದು. ನಡುವಿನ ವರ್ಷಗಳ ಸಂಬಳದ ಹಿಂಬಾಕಿಯನ್ನು ಅಂತಿಮ ಆದೇಶದಲ್ಲಿ ತೀರ್ಮಾನಿಸಬೇಕು.