ಗರ್ಭಚೀಲದ ಒಳಪದರ ಮತ್ತೆ ಚಿಗುರೀತೆ?

ಕೇಳುಗರೆ, ನಮಸ್ಕಾರ.

ಈಚೆಗೆ ನಮ್ಮಂಥ ಹೆರಿಗೆ ಡಾಕ್ಟರುಗಳ ಮುಂದೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಅಕ್ಕಾರ, ನಮ್ಮದ ರಕ್ತ ತಗದು, ಮಷಿನ್ನಿಗೆ ಹಾಕಿ, ತಿರಗಿ ಗರ್ಭಚೀಲದಾಗ ಬಿಡತಾರಂತ. ಹಂಗ ಮಾಡಿದ್ರ ಮಕ್ಕಳಾಗತಾವಂತ. ಖರೇನ್ರಿ?" ಕೇಳುವವರು ನರಗುಂದದವರಿರಬಹುದು, ಶಿಗ್ಗಾವಿಯವರಿರಬಹುದು. ಸಂಗಡ ಅತ್ತೆ ಬಂದಿರುತ್ತಾರೆ. ಕೈಯಲ್ಲಿ ಸ್ಕ್ಯಾನಿಂಗಿನ ದಪ್ಪ ಫೈಲು. ಗಂಡನ ವೀರ್ಯಪರೀಕ್ಷೆಯ ಚೀಟಿ ಮಾತ್ರ ಎಷ್ಟೋ ಸಲ ಆ ಫೈಲಿನೊಳಗೆ ಇರುವುದಿಲ್ಲ. ಅದರ ಬಗ್ಗೆ ಮಾತಾಡಲು ಇನ್ನೊಂದು ಭಾಷಣವೇ ಬೇಕು. ಇವತ್ತು ಗರ್ಭಚೀಲಕ್ಕಷ್ಟೇ ಬರೋಣ.

ಗರ್ಭಚೀಲದ ಒಳಗೋಡೆಗೆ ಮೆತ್ತನೆಯದೊಂದು ಪದರವಿದೆ. ಎಂಡೋಮೆಟ್ರಿಯಂ ಅನ್ನುತ್ತಾರೆ. ಭ್ರೂಣ ಬಂದು ಹತ್ತಿಕೊಳ್ಳುವುದು ಇಲ್ಲಿ. ಮುಟ್ಟು ಮುಗಿಯುವ ಹೊತ್ತಿಗೆ ಎರಡು ಮೂರು ಮಿಲಿಮೀಟರಿಗೆ ಇಳಿದಿರುವ ಈ ಪದರ, ಈಸ್ಟ್ರೋಜನ್ ಹಾರ್ಮೋನಿನ ಬಲದಿಂದ ಕೆಲವೇ ದಿನಗಳಲ್ಲಿ ಎಂಟು ಹತ್ತು ಮಿಲಿಮೀಟರ್ ದಪ್ಪವಾಗುತ್ತದೆ. ಗರ್ಭ ನಿಲ್ಲದಿದ್ದರೆ ಕಳಚಿ ಹೋಗುತ್ತದೆ, ಮತ್ತೆ ಬೆಳೆಯುತ್ತದೆ. ಒಬ್ಬ ಹೆಣ್ಣುಮಗಳ ಆಯುಷ್ಯದಲ್ಲಿ ಹೀಗೆ ಸುಮಾರು 400 ಸಲ, ಅದೂ ಕಲೆ ಉಳಿಯದ ಹಾಗೆ. ಚರ್ಮಕ್ಕೆ ಆಳವಾದ ಗಾಯವೊಂದಾದರೆ ಸಾಯುವತನಕ ಕಲೆ ಇರುತ್ತದೆ. ಈ ಪದರ ತಿಂಗಳಿಗೊಮ್ಮೆ ಹರಿದುಹೋದರೂ ಮೊದಲಿನಂತೆಯೇ ಆಗುತ್ತದೆ.

ಇದರಲ್ಲಿ ಎರಡು ಭಾಗ. ಮೇಲಿನದು ಪ್ರತಿ ತಿಂಗಳು ಉದುರುವುದು. ಅಡಿಯದು ಸ್ನಾಯುವಿಗೆ ಅಂಟಿಕೊಂಡು ಅಲ್ಲೇ ಉಳಿಯುವುದು. ಎರೆಹೊಲದಲ್ಲಿ ಕರಿಕೆ ಕಿತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಎಷ್ಟು ಕೊಯ್ದರೂ ಬೇರು ಉಳಿದಿದ್ದರೆ ಮತ್ತೆ ಚಿಗುರುತ್ತದೆ, ಬೇರೇ ಸತ್ತಿದ್ದರೆ ಎಷ್ಟು ನೀರು ಬಿಟ್ಟರೂ ಚಿಗುರುವುದಿಲ್ಲ.

ಈ ಅಡಿಪದರದಲ್ಲಿ ಹೊಸ ಕೋಶಗಳನ್ನು ಹುಟ್ಟಿಸುತ್ತಲೇ ಇರಬಲ್ಲ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಇರಬೇಕೆಂಬ ಊಹೆ ಹಳೆಯದು. ಪುರಾವೆ ಸಿಕ್ಕಿದ್ದು 2004ರಲ್ಲಿ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಕ್ಯಾರೊಲಿನ್ ಗಾರ್ಗೆಟ್ ಮತ್ತು ಅವರ ಸಂಗಡಿಗರು, ಒಂದೇ ಕೋಶದಿಂದ ದೊಡ್ಡ ಸಂಸಾರ ಬೆಳೆಸಬಲ್ಲ ಕೋಶಗಳನ್ನು ಗರ್ಭಚೀಲದಲ್ಲಿ ಕಂಡರು. ಅದೇ ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹ್ಯೂ ಟೇಲರ್ ಇನ್ನೊಂದು ಸೋಜಿಗ ತೋರಿಸಿದರು. ಬೇರೆಯವರಿಂದ ಅಸ್ಥಿಮಜ್ಜೆ ಪಡೆದಿದ್ದ ನಾಲ್ವರು ಮಹಿಳೆಯರ ಗರ್ಭಚೀಲದ ಪದರದಲ್ಲಿ ದಾನಿಯ ಕೋಶಗಳಿದ್ದವು. ಎಲುಬಿನೊಳಗಿನ ಕೋಶ ರಕ್ತದಲ್ಲಿ ಹಾಯ್ದು ಬಂದು ಇಲ್ಲಿ ಬೀಡುಬಿಟ್ಟಿತ್ತು! ಮುಂದೆ 2007ರ ಹೊತ್ತಿಗೆ ಮುಟ್ಟಿನ ರಕ್ತದಲ್ಲೂ ಇಂಥ ಕೋಶಗಳು ಸಿಕ್ಕವು. ಮುಟ್ಟಾದವಳನ್ನು ಮೂರು ದಿನ ಹೊರಗೆ ಕೂಡಿಸಿ, ಅವಳು ಮುಟ್ಟಿದ ಚರಿಗೆಯನ್ನೂ ಬೇರೆ ಇಡುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. ಆ ಸುದ್ದಿ ಓದಿದಾಗ ನನಗೆ ನಗು ಬಂತು.

ಇಂಥ ಗಟ್ಟಿ ಪದರ ಕೆಡುವುದು ಹೇಗೆ?

ನಮ್ಮ ಭಾಗದಲ್ಲಿ ಕಾಣುವ ಕಾರಣಗಳು ಮುಖ್ಯವಾಗಿ ಎರಡು. ಒಂದು, ಗರ್ಭಪಾತವಾದಾಗಲೋ ಹೆರಿಗೆಯ ನಂತರ ಮಾಸು ಉಳಿದಾಗಲೋ ಮಾಡುವ ಡಿ ಅಂಡ್ ಸಿ. "ಚೀಲ ತೊಳಿಸೀವ್ರಿ" ಅಂತಾರಲ್ಲ, ಅದೇ. ಚೂಪಾದ ಕ್ಯೂರೆಟ್ಟಿನಿಂದ ಆಳವಾಗಿ ಕೆರೆದರೆ ಅಡಿಪದರವೇ ಎದ್ದು ಬರುತ್ತದೆ. ಎದುರುಬದುರಿನ ಗೋಡೆಗಳು ಒಂದಕ್ಕೊಂದು ಅಂಟುತ್ತವೆ, ಮುಟ್ಟು ತೀರ ಕಡಿಮೆಯಾಗುತ್ತದೆ, ಇಲ್ಲವೆ ನಿಂತೇ ಹೋಗುತ್ತದೆ. 1948ರಲ್ಲಿ ಇದನ್ನು ವಿವರವಾಗಿ ಬರೆದ ಜೋಸೆಫ್ ಆಶರ್ಮನ್ ಎಂಬ ವೈದ್ಯರ ಹೆಸರನ್ನೇ ಈ ತೊಂದರೆಗೆ ಇಟ್ಟಿದ್ದಾರೆ. ಕೆರೆಯುವುದನ್ನು ಬಿಟ್ಟು ಹೀರುವ ಸಾಧನವನ್ನೋ ಮಾತ್ರೆಯನ್ನೋ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. ಆದರೂ ಎರಡು ಮೂರು ಸಲ ಕೆರೆಸಿಕೊಂಡು ಬಂದ ಹೆಣ್ಣುಮಕ್ಕಳನ್ನು ಇವತ್ತಿಗೂ ನೋಡುತ್ತೇನೆ.

ಎರಡನೆಯದು ಕ್ಷಯ. ಟಿಬಿ ಅಂದರೆ ಕೆಮ್ಮು, ಕಫ ಎಂದಷ್ಟೇ ನಮಗೆ ಗೊತ್ತು. ಅದೇ ರೋಗಾಣು ರಕ್ತದ ಮೂಲಕ ಗರ್ಭನಾಳಕ್ಕೆ ಇಳಿದು, ಅಲ್ಲಿಂದ ಗರ್ಭಚೀಲಕ್ಕೂ ಹಬ್ಬುತ್ತದೆ. ಜ್ವರವಿಲ್ಲ, ಕೆಮ್ಮಿಲ್ಲ. ಮುಟ್ಟು ಕಡಿಮೆಯಾಗುತ್ತ ಬರುತ್ತದೆ, ಮಕ್ಕಳಾಗುವುದಿಲ್ಲ, ಅಷ್ಟೆ. ಬೇಗ ಕಂಡುಹಿಡಿದರೆ ಆರು ತಿಂಗಳ ಗುಳಿಗೆಯಿಂದ ರೋಗ ವಾಸಿಯಾಗುತ್ತದೆ. ತಡವಾದರೆ ರೋಗಾಣು ಸಾಯುತ್ತದೆ ನಿಜ, ಅದು ಮಾಡಿಹೋದ ಕಲೆ ಉಳಿಯುತ್ತದೆ.

ಈಗ ಆ ರಕ್ತದ ಚಿಕಿತ್ಸೆಗೆ ಬರೋಣ. ಇದಕ್ಕೆ ಪಿಆರ್‌ಪಿ ಎಂದು ಹೆಸರು, ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ. ಪ್ಲೇಟ್‌ಲೆಟ್ ಅಂದರೇನು ಅಂತ ಡೆಂಗಿ ಬಂದಮೇಲೆ ನಮ್ಮ ಹಳ್ಳಿಯ ಅಜ್ಜಿಗೂ ತಿಳಿದಿದೆ, "ಎಷ್ಟ ಸಾವಿರ ಉಳದಾವ್ರಿ?" ಎಂದೇ ಕೇಳುತ್ತಾರೆ. ಈ ಪ್ಲೇಟ್‌ಲೆಟ್ಟಿಗೆ ರಕ್ತ ಹೆಪ್ಪುಗಟ್ಟಿಸುವುದರ ಜೊತೆಗೆ ಇನ್ನೊಂದು ಕೆಲಸವಿದೆ. ಅದರೊಳಗಿನ ಸಣ್ಣ ಸಣ್ಣ ಕಣಗಳಲ್ಲಿ ಬೆಳವಣಿಗೆಯ ಅಂಶಗಳು ತುಂಬಿರುತ್ತವೆ: ಹೊಸ ರಕ್ತನಾಳ ಹುಟ್ಟಿಸುವ ವಿಇಜಿಎಫ್, ಕೋಶಗಳನ್ನು ಇಮ್ಮಡಿಸುವ ಪಿಡಿಜಿಎಫ್, ಇನ್ನೂ ಹಲವು. ಗಾಯವಾದ ಜಾಗದಲ್ಲಿ ಪ್ಲೇಟ್‌ಲೆಟ್ ಒಡೆದು ಇವನ್ನು ಸುರಿಯುತ್ತದೆ.

ಮಾಡುವ ರೀತಿ ಸರಳ. ತೋಳಿನಿಂದ ಒಂದಿಷ್ಟು ರಕ್ತ ತೆಗೆದು, ಹೆಪ್ಪುಗಟ್ಟದ ಹಾಗೆ ಔಷಧಿ ಬೆರೆಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸುತ್ತಾರೆ. ಕೆಂಪುಕಣ ತಳಕ್ಕೆ ಕೂಡುತ್ತದೆ, ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಪ್ಲೇಟ್‌ಲೆಟ್ ದಟ್ಟವಾಗಿರುವ ಭಾಗವನ್ನು ಅರ್ಧದಿಂದ ಒಂದು ಮಿಲಿಲೀಟರಿನಷ್ಟು ಎಳೆದುಕೊಂಡು, ಸಣ್ಣ ಕೊಳವೆಯಿಂದ ಗರ್ಭಚೀಲದೊಳಗೆ ಬಿಡುತ್ತಾರೆ. ತನ್ನದೇ ರಕ್ತ, ಹಾಗಾಗಿ ಒಗ್ಗದಿರುವ ಭಯ ಕಡಿಮೆ.

2015ರಲ್ಲಿ ಚೀನಾದ ವೈದ್ಯರು ಐವರು ಮಹಿಳೆಯರಿಗೆ ಇದನ್ನು ಮಾಡಿ, ಐವರ ಪದರವೂ ದಪ್ಪವಾಯಿತು, ಐವರೂ ಬಸುರಾದರು ಎಂದು ಪ್ರಕಟಿಸಿದರು. ಐದಕ್ಕೆ ಐದು! ಸುದ್ದಿ ಹಬ್ಬಲು ಇಷ್ಟು ಸಾಕಲ್ಲ. ಆದರೆ ಐವರಿಗೆ ಆದದ್ದು ಐನೂರು ಜನಕ್ಕೂ ಆಗುತ್ತದೆಯೇ ಎಂದು ತಿಳಿಯಲು, ಪಿಆರ್‌ಪಿ ಕೊಟ್ಟವರನ್ನು ಕೊಡದವರೊಡನೆ ಹೋಲಿಸಬೇಕು. ಅಂಥ ಅಧ್ಯಯನಗಳು ಆಮೇಲೆ ಬಂದಿವೆ. ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದುವುದಿಲ್ಲ. ಯಂತ್ರ ಎಷ್ಟು ವೇಗದಲ್ಲಿ ತಿರುಗಬೇಕು, ಪ್ಲೇಟ್‌ಲೆಟ್ ಎಷ್ಟಿರಬೇಕು, ಯಾವ ದಿನ ಬಿಡಬೇಕು ಎಂಬುದು ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ. 2023ರಲ್ಲಿ ಯುರೋಪಿನ ಸಂತಾನ ವೈದ್ಯರ ಸಂಘ, ಇದನ್ನು ಸದ್ಯಕ್ಕೆ ಶಿಫಾರಸು ಮಾಡುವುದಿಲ್ಲ ಎಂದಿತು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2024ರ ವಿಮರ್ಶೆಯೂ ಎಲ್ಲ ಅಧ್ಯಯನಗಳನ್ನು ಜರಡಿಹಿಡಿದು, ಪುರಾವೆ ಖಚಿತವಿಲ್ಲ ಎಂದೇ ಹೇಳಿತು. ನಾನಂತೂ ಇದನ್ನು ಸುಳ್ಳು ಎನ್ನುವುದಿಲ್ಲ. ಪದರ 7 ಮಿಲಿಮೀಟರ್ ದಾಟದೆ, ಹಾರ್ಮೋನೂ ಸೋತ ಮೇಲೆ ಕೆಲವರಿಗೆ ಉಪಯೋಗವಾಗಬಹುದು. ಆದರೆ ಮೊದಲ ಭೇಟಿಯಲ್ಲೇ, ಪದರ ತೆಳುವಾದದ್ದು ಯಾಕೆ ಎಂದು ನೋಡದೆಯೇ ಇದನ್ನು ಬರೆದುಕೊಡುವುದು ನನಗೆ ಒಪ್ಪಿಗೆಯಿಲ್ಲ. ಗೋಡೆ ಅಂಟಿಕೊಂಡಿದ್ದರೆ ಮೊದಲು ಹಿಸ್ಟೆರೋಸ್ಕೋಪಿ, ಅಂದರೆ ಕ್ಯಾಮೆರಾದ ಕೊಳವೆ ಇಳಿಸಿ, ನೋಡುತ್ತ ಬಿಡಿಸಬೇಕು. ಒಳಗೆ ಕ್ಷಯ ಇನ್ನೂ ಜೀವಂತವಿದ್ದರೆ ಮೊದಲು ಅದರ ಗುಳಿಗೆ.

ಸ್ಟೆಮ್ ಸೆಲ್‌ನ ಮಾತು ಇನ್ನೂ ಬೇರೆ. ಇದರಲ್ಲಿ ನಮ್ಮ ದೇಶದವರ ಹೆಜ್ಜೆ ಮುಂದಿತ್ತು ಎನ್ನುವುದು ಹಲವರಿಗೆ ಗೊತ್ತಿಲ್ಲ. ಗೋಡೆಗಳು ಪೂರಾ ಅಂಟಿಹೋಗಿದ್ದ ಒಬ್ಬ ಮಹಿಳೆಗೆ ಅವಳದೇ ಅಸ್ಥಿಮಜ್ಜೆಯ ಕೋಶ ಕೊಟ್ಟು, ನಂತರ ದೇಹದ ಹೊರಗೆ ಭ್ರೂಣ ಮಾಡಿ ಒಳಗೆ ಬಿಡುವ ಐವಿಎಫ್‌ನಿಂದ ಗರ್ಭ ನಿಂತದ್ದನ್ನು 2011ರಲ್ಲಿ ವರದಿ ಮಾಡಿದವರು ಅಹಮದಾಬಾದಿನ ವೈದ್ಯರು. 2014ರಲ್ಲಿ ದೆಹಲಿಯ ಏಮ್ಸ್‌ನವರು ಆರು ಮಹಿಳೆಯರ ಅನುಭವ ಬರೆದರು. 2016ರಲ್ಲಿ ಸ್ಪೇನಿನ ತಂಡವೊಂದು, ಗರ್ಭಚೀಲಕ್ಕೆ ರಕ್ತ ಒಯ್ಯುವ ನಾಳದೊಳಗೇ ಕ್ಯಾತಿಟರ್ ಎಂಬ ಸಣ್ಣ ಕೊಳವೆ ತೂರಿಸಿ ಕೋಶಗಳನ್ನು ಕಳಿಸಿತು. ಹಲವರಿಗೆ ನಿಂತ ಮುಟ್ಟು ಮರಳಿತು, ಕೆಲವರು ಬಸುರಾದರು. ಹೀಗೆ ಹಾಕಿದ ಕೋಶಗಳು ಹೆಚ್ಚಿನಂಶ ತಾವೇ ಪದರವಾಗಿ ನಿಲ್ಲುವುದಿಲ್ಲ. ಸುತ್ತಲಿನ ಕೋಶಗಳಿಗೆ ಬೆಳೆಯುವ ಸಂಕೇತ ಕೊಟ್ಟು ತಾವು ಮಾಯವಾಗುತ್ತವೆ ಎಂಬುದು ಈಗಿನ ತಿಳುವಳಿಕೆ. ಅಂದರೆ ಪಿಆರ್‌ಪಿಯ ದಾರಿಗೂ ಇದರ ದಾರಿಗೂ ನಂಟಿದೆ. ಗರ್ಭಚೀಲವನ್ನೇ ತೆಗೆಸಿಕೊಂಡವರಿಗೆ ಮಾತ್ರ ಇವೆರಡರಿಂದಲೂ ಪ್ರಯೋಜನವಿಲ್ಲ. "ತಗಸೇ ಬಿಡೋಣು" ಎಂದು ಮೂವತ್ತರ ಆಸುಪಾಸಿನಲ್ಲೇ ಆಪರೇಷನ್ನಿಗೆ ಬರುವ ನಮ್ಮ ಹಾವೇರಿ, ಗದಗಿನ ಕಡೆಯ ಹೆಣ್ಣುಮಕ್ಕಳು ಇದನ್ನು ಕೇಳಿಸಿಕೊಳ್ಳಲಿ.

ಇಷ್ಟಾದರೂ ಸ್ಟೆಮ್ ಸೆಲ್ ಇನ್ನೂ ಪ್ರಯೋಗದ ಹಂತದಲ್ಲಿದೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂಥವನ್ನು ಬಿಟ್ಟರೆ, ಬೇರೆಲ್ಲ ಬಳಕೆಯೂ ಅನುಮತಿ ಪಡೆದು ರೋಗಿಗಳ ಮೇಲೆ ನಡೆಸುವ ಪ್ರಯೋಗ, ಅಂದರೆ ಕ್ಲಿನಿಕಲ್ ಟ್ರಯಲ್‌ನಲ್ಲೇ ನಡೆಯಬೇಕು. ಟ್ರಯಲ್‌ಗೆ ಸೇರಿದವರಿಂದ ಆ ಚಿಕಿತ್ಸೆಗೆ ಹಣ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಗರ್ಭಚೀಲಕ್ಕೆ ಸ್ಟೆಮ್ ಸೆಲ್ ಹಾಕುತ್ತೇವೆ, ಇಷ್ಟು ಲಕ್ಷ ತನ್ನಿ ಎಂದು ಯಾರಾದರೂ ಹೇಳಿದರೆ, ಹೊಲದ ಮೇಲೆ ಸಾಲ ಎತ್ತುವ ಮೊದಲು ಎದ್ದು ಬನ್ನಿ.

ಮುಟ್ಟು ಕಡಿಮೆಯಾಗುತ್ತಿದೆ ಎನಿಸಿದರೆ ಹುಬ್ಬಳ್ಳಿಯಲ್ಲಿ ಈಗ ಕೆಎಂಸಿಆರ್‌ಐ ಎಂದು ಹೆಸರಾದ ಕಿಮ್ಸ್‌ಗೆ ಹೋಗಿ, ಗದಗಿನ ಜಿಮ್ಸ್‌ಗೆ ಹೋಗಿ. ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಗೂ ಗುಳಿಗೆಗೂ ದುಡ್ಡಿಲ್ಲ. ಯಾರಾದರೂ ಟ್ರಯಲ್ ಎಂದರೆ, ಸಿಟಿಆರ್‌ಐ ನೋಂದಣಿ ಸಂಖ್ಯೆ ಕೊಡಿ ಎಂದು ಕೇಳಿ. ಸಿಟಿಆರ್‌ಐ ಅಂದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ. ಯಾರು ಬೇಕಾದರೂ ತೆರೆದು ನೋಡಬಹುದು. ನಿಮಗೆ ಬರದಿದ್ದರೆ ಓಣಿಯಲ್ಲಿ ಕಾಲೇಜು ಓದುವ ಹುಡುಗಿಗೆ ಹೇಳಿ, ಮೊಬೈಲಿನಲ್ಲೇ ತೆಗೆದು ಓದಿ ಹೇಳುತ್ತಾಳೆ.

ನಮಸ್ಕಾರ.