ತೋಟದ ಮನೆಯಲ್ಲೊಂದು ಕಡಲ ಕೊಲೆ

ಕೇಳುಗರಿಗೆ ನಮಸ್ಕಾರ.

ಮಡಿಕೇರಿಯ ಮಳೆಗಾಲದಲ್ಲಿ ಕರೆಂಟು ಹೋದರೆ ಮಾಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ನಾನು ಕೊಲೆ ಮಾಡಲು ಕುಳಿತೆ. ಕಾಗದದ ಮೇಲೆ, ಅಷ್ಟೇ. ತೋಟದ ಬಂಗಲೆಯಲ್ಲಿ ಹೆಣ ಬೀಳುವ ಕಥೆಗಳು ಸಾಕಷ್ಟಾಗಿವೆ. ಹಾಗಾಗಿ ಸಂಪಾಜೆ ಘಾಟಿ ಇಳಿದು ಸಸಿಹಿತ್ಲಿನ ಕಡಲಿಗೆ ಹೋದೆ. ಶಾಂಭವಿ, ನಂದಿನಿ ನದಿಗಳು ಸಮುದ್ರ ಸೇರುವ ಆ ತೀರದಲ್ಲಿ ಸರ್ಫಿಂಗ್ ಸ್ಪರ್ಧೆಗಳು ನಡೆದಿವೆ.

ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವುದು ಬರೀ ಮೋಜೆಂದು ನಾನೂ ತಿಳಿದಿದ್ದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಮೊದಲ ಬಾರಿ ಪದಕ ಕೊಟ್ಟಾಗಲೂ ಗಮನಿಸಿರಲಿಲ್ಲ. ನಿಯಮ ಓದುತ್ತಾ ಹೋದಂತೆ, ಪತ್ತೇದಾರಿ ಕಾದಂಬರಿಗೆ ಹೇಳಿ ಮಾಡಿಸಿದ ಆಟ ಅನ್ನಿಸಿತು. ನೀರಿನಲ್ಲಿ ಇಬ್ಬರೇ. ಸಮಯ ಅರ್ಧ ಗಂಟೆ. ದಡದಲ್ಲಿ ನೂರಾರು ಕಣ್ಣು.

ಪ್ರತಿ ಅಲೆಗೂ ಹತ್ತರೊಳಗೆ ಅಂಕ. ಎಷ್ಟೇ ಅಲೆ ಹತ್ತಿದರೂ ಲೆಕ್ಕಕ್ಕೆ ಬರುವುದು ಅತ್ಯುತ್ತಮವಾದ ಎರಡು. ನನ್ನ ಕಥೆಯ ಹುಡುಗನ ಬಳಿ 6 ಮತ್ತು 4. ಎದುರಾಳಿಯ ಮೊತ್ತ 13.5. ಗೆಲ್ಲಬೇಕಾದರೆ ಒಂದೇ ಅಲೆಯಲ್ಲಿ ಏಳೂವರೆಗಿಂತ ಹೆಚ್ಚು ಬೇಕು. ಅದನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಾರೆ. ಅವನು ದೊಡ್ಡ ಅಲೆಯನ್ನೇ ಹತ್ತುತ್ತಾನೆಂದು ಇಡೀ ದಡಕ್ಕೆ ಗೊತ್ತು. ಕೊಲೆಗಾರನಿಗೂ ಗೊತ್ತು.

ಆಯುಧ ನನ್ನ ಮೇಜಿನ ಮೇಲೆಯೇ ಇದೆ. ಕಣಕಾಲಿಗೂ ಹಲಗೆಗೂ ನಡುವೆ ಕಟ್ಟುವ ಲೀಶ್. ಸೋದರಳಿಯ ತಂದುಕೊಟ್ಟ ಹಳೆಯದು. ಕಿರುಬೆರಳಿಗಿಂತ ತೆಳ್ಳಗಿನ ಹುರಿ, ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಎಳೆತಕ್ಕೇ ತುಂಡಾದರೆ ತುದಿ ಸಣಕಲಾಗಿ ಹಿಂಜಿರುತ್ತದೆ. ಬ್ಲೇಡು ತಗಲಿದ್ದರೆ ಒಂದು ಬದಿ ನಯ. ಅಳಿವೆಯ ಸೆಳೆತದಲ್ಲಿ ಹಲಗೆ ಕೈಬಿಟ್ಟರೆ ಮುಂದಿನದನ್ನು ನೀವೇ ಊಹಿಸಿ. “ಮಾವ, ನೀರಿಗಿಳಿಯುವ ಮುಂಚೆ ಯಾರಾದರೂ ಎಳೆದು ನೋಡದೆ ಇರುತ್ತಾರೆಯೇ?” ಎಂದು ಅಳಿಯ ತಕರಾರು ತೆಗೆದ. ಅದಕ್ಕೇ ಬ್ಲೇಡಿನ ಗೀರನ್ನು ಕಣಕಾಲಿಗೆ ಸುತ್ತುವ ಪಟ್ಟಿಯ ಮಡಿಕೆಯೊಳಗೆ ಅಡಗಿಸಿದ್ದೇನೆ.

ಪತ್ತೇದಾರ ನಮ್ಮ ಊರಿನವನೇ, ನಿವೃತ್ತ ಹಾಕಿ ಅಂಪೈರ್. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಸೀಟಿ ಊದಿದವನು. ಈಜು ಬಾರದು. ಆದರೆ ದಡದಲ್ಲಿ ಎಲ್ಲರೂ ಕಂಡೂ ಕಾಣದ್ದು ಅವನ ಕಣ್ಣಿಗೆ ಬೀಳುತ್ತದೆ. ಕೊನೆಯ ನಿಮಿಷದಲ್ಲಿ ಅಲೆ ಹತ್ತುವ ಮೊದಲ ಹಕ್ಕು ಮುನ್ನಡೆಯಲ್ಲಿದ್ದವನಿಗಿತ್ತು. ಒಳ್ಳೆಯ ಅಲೆ ಬಂದರೆ ತಾನೇ ಹತ್ತಿ ಎದುರಾಳಿಗೆ ತಪ್ಪಿಸುವುದು ಆ ಆಟದ ಜಾಣತನ. ಅವನು ಹತ್ತಲಿಲ್ಲ, ಹಲಗೆ ತಿರುಗಿಸಿಕೊಂಡು ಪಕ್ಕಕ್ಕೆ ಸರಿದ. “ಗೋಲಿನ ಮುಂದೆ ಚೆಂಡು ಸಿಕ್ಕಿಯೂ ಸ್ಟಿಕ್ ಎತ್ತದವನನ್ನು ನಾನು ನಂಬುವುದಿಲ್ಲ,” ಎನ್ನುತ್ತಾನೆ ಅಂಪೈರ್.

ಬಹಳ ಹೆಮ್ಮೆಯಿಂದ ಹಸ್ತಪ್ರತಿಯನ್ನು ಹೆಂಡತಿಯ ಕೈಗಿತ್ತೆ. ಲೋಟದ ಕಾಫಿ ಆರುವ ಮೊದಲೇ ಕೊಲೆಗಾರನ ಹೆಸರು ಹೇಳಿ ಒಳಗೆ ಹೋದಳು. ಹೀಗಾಗಿ ಮುನ್ನಡೆಯಲ್ಲಿದ್ದವನನ್ನು ಈಗ ನಿರಪರಾಧಿ ಮಾಡಬೇಕಾಗಿದೆ. ಹಾಗಾದರೆ ಅವನು ಆ ಅಲೆಯನ್ನು ಬಿಟ್ಟದ್ದೇಕೆ? ಇನ್ನೂ ಹೊಳೆದಿಲ್ಲ.

ನಮಸ್ಕಾರ.